ಕುತ್ತಿಗೆಗೆ ಕರೆಂಟು ಕೊಡುತ್ತಾ ನಾನು ಕಲಿತದ್ದು

"ಮೇಡಂ, ಕರೆಂಟ್ ಕೊಡ್ತೀರಾ?"

ಕುತ್ತಿಗೆ ನೋವಿನವರು ಬಾಗಿಲಲ್ಲೇ ನಿಂತು ಕೇಳುವ ಮೊದಲ ಮಾತು ಇದು. ಹೆಸರು, ವಯಸ್ಸು ಎಲ್ಲ ಆಮೇಲೆ. ಅವರ ಅಕ್ಕನಿಗೋ ಪಕ್ಕದ ಮನೆಯವರಿಗೋ ಯಾರೋ ಕರೆಂಟ್ ಕೊಟ್ಟಿರುತ್ತಾರೆ, ನೋವು ಹೋಗಿರುತ್ತದೆ. ಇನ್ನು ಕೆಲವರು ಕತ್ತು ಹಿಡಿದುಕೊಂಡೇ ಒಳಗೆ ಬಂದು, "ಒಂದ್ಸಲ ಲಟಕ್ ಅನ್ನಿಸಿಬಿಡಿ, ಸರಿಹೋಗುತ್ತೆ" ಅನ್ನುತ್ತಾರೆ. ಒಬ್ಬರಿಗೆ ಯಂತ್ರ ಬೇಕು, ಇನ್ನೊಬ್ಬರಿಗೆ ಕೈ ಬೇಕು. ನಾನು ಫಿಸಿಯೋಥೆರಪಿಸ್ಟ್ ಆಗಿ 14 ವರ್ಷವಾಯಿತು. ಎರಡನ್ನೂ ಕೊಡುತ್ತೇನೆ. ಆದರೆ ಮೊದಲ ಐದಾರು ವರ್ಷ ಕೊಟ್ಟ ರೀತಿಯನ್ನು ಈಗ ನೆನೆಸಿಕೊಂಡರೆ ಸ್ವಲ್ಪ ನಾಚಿಕೆಯಾಗುತ್ತದೆ.

ಆಗ ನನ್ನ ಪದ್ಧತಿ ಹೀಗಿತ್ತು. ಬಂದವರನ್ನು ಬೋರಲು ಮಲಗಿಸುವುದು. ಕುತ್ತಿಗೆಯ ಎರಡೂ ಪಕ್ಕ ಎರಡು, ಹೆಗಲ ಮೇಲೆ ಎರಡು, ಒಟ್ಟು ನಾಲ್ಕು ಪ್ಯಾಡ್ ಅಂಟಿಸುವುದು. ಚರ್ಮದ ಮೇಲಿಂದ ನರಗಳಿಗೆ ಸಣ್ಣ ಕರೆಂಟು ಕೊಡುವ ಟೆನ್ಸ್ ಯಂತ್ರ ಹಾಕಿ 20 ನಿಮಿಷಕ್ಕೆ ಟೈಮರ್ ಇಟ್ಟು ಪಕ್ಕದ ಮಂಚಕ್ಕೆ ಹೋಗುವುದು. ಗಂಟೆ ಹೊಡೆದಾಗ ಬಂದು ಪ್ಯಾಡ್ ತೆಗೆದು, ಐದು ನಿಮಿಷ ಹೆಗಲು ತೀಡಿ ಕಳಿಸುವುದು. ಅರ್ಧ ಜನ ನಿದ್ದೆ ಮಾಡಿರುತ್ತಿದ್ದರು. ಏಳುವಾಗ "ಹಗುರ ಅನ್ನಿಸ್ತಿದೆ" ಅನ್ನುತ್ತಿದ್ದರು. ನಾನೂ ಖುಷಿಪಡುತ್ತಿದ್ದೆ. ಮೂರು ತಿಂಗಳಾದ ಮೇಲೂ ಅದೇ ಮುಖಗಳು ಅದೇ ಮಂಚದ ಮೇಲೆ ಹಗುರವಾಗುತ್ತಲೇ ಇದ್ದವು. ಇದರಲ್ಲೇನೋ ತಪ್ಪಿದೆ ಅಂತ ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ನನ್ನದೇ ಕತ್ತು ಹಿಡಿದಾಗ.

ದಿನವಿಡೀ ಮಂಚದ ಮೇಲೆ ಬಗ್ಗಿ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ನಮ್ಮ ತಲೆ ಸುಮಾರು ಐದು ಕೆಜಿ ತೂಗುತ್ತದೆ. ಅದನ್ನು ಹೊತ್ತಿರುವುದು ಬೆನ್ನುಮೂಳೆಯ ಏಳು ಸಣ್ಣ ಮಣಿಗಳು ಮತ್ತು ಅವುಗಳ ಸುತ್ತಲಿನ ಸ್ನಾಯುಗಳು. ತಲೆ ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳಿಗೆ ಹಿಡಿದಿಡುವ ಕೆಲಸ ಜಾಸ್ತಿ. ನನಗೆ ಬಲಗಡೆ, ಕುತ್ತಿಗೆ ಮತ್ತು ಹೆಗಲು ಸೇರುವ ಮೂಲೆಯಲ್ಲಿ ನೋವು ಕೂತುಬಿಟ್ಟಿತು. ಒಂದು ತಿಂಗಳು ತಲೆಕೆಡಿಸಿಕೊಳ್ಳಲಿಲ್ಲ. ನಾಲ್ಕನೇ ತಿಂಗಳಿಗೆ ಕಾಲಿಟ್ಟಾಗ ನನ್ನ ಪುಸ್ತಕದ ಪ್ರಕಾರವೇ ಅದು ದೀರ್ಘಕಾಲದ ನೋವಾಗಿತ್ತು. ಮೂರು ತಿಂಗಳು ದಾಟಿದರೆ ಆ ಹೆಸರು.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಕನ್ನಡಿ ಮುಂದೆ ಕೂತು ಪ್ಯಾಡ್ ಅಂಟಿಸಿಕೊಂಡೆ. ರೋಗಿಗಳಿಗೆ ಇಡುವ ಮಟ್ಟಕ್ಕೇ ಗುಂಡಿ ತಿರುಗಿಸಿದೆ. ಇರುವೆ ಹರಿದ ಹಾಗೆ ಸ್ವಲ್ಪ ಜುಮ್ಮು. ಎರಡು ನಿಮಿಷದಲ್ಲಿ ಅದೂ ಮಾಯ. ಇಷ್ಟೇನಾ ನಾನು ಇಷ್ಟು ವರ್ಷ ಕೊಟ್ಟದ್ದು ಅನ್ನಿಸಿತು. ಗುಂಡಿ ಇನ್ನೂ ತಿರುಗಿಸಿದೆ. ಗಟ್ಟಿಯಾಗಿ, ಆದರೆ ಚುಚ್ಚದ ಹಾಗೆ, ಇಡೀ ಹೆಗಲಲ್ಲಿ ಗುಂಯ್ ಅನ್ನುವಷ್ಟು. ಸುಮ್ನೆ ಕೂತಿದ್ದಾಗ ನೋವು ಮೊದಲೇ ಕಡಿಮೆ ಇತ್ತು, ಅದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆಗಲೇ ಯಾರೋ ಬಾಗಿಲು ಬಡಿದರು. ಬಲಕ್ಕೆ ತಿರುಗಿ ನೋಡಿದೆ. ಬೆಳಗ್ಗೆಯಿಂದ ತಿರುಗಲಾಗದೆ ಇದ್ದ ಕಡೆಗೆ ಕತ್ತು ತಿರುಗಿತ್ತು. ನೋವು ಇತ್ತು, ಆದರೆ ತಡೆಯಬಹುದಾಗಿತ್ತು.

ಬಾಗಿಲು ಬಡಿದವರು ಕೊಡೆ ಮರೆತು ಹೋದವರು. ಅವರಿಗೆ ಕೊಡೆ ಕೊಟ್ಟು ಬಂದು, ಯಂತ್ರ ಹಾಕಿಕೊಂಡೇ ಅರ್ಧ ಗಂಟೆ ಕತ್ತು ಆಡಿಸುತ್ತಾ ಕೂತೆ. ಅಷ್ಟು ವರ್ಷ ಜನರನ್ನು ಮಲಗಿಸಿ ಕರೆಂಟು ಕೊಟ್ಟಿದ್ದೆ. ಅವರಿಗೆ ನೋವು ಬರುತ್ತಿದ್ದದ್ದು ಮಲಗಿದಾಗ ಅಲ್ಲ, ತಿರುಗಿದಾಗ.

ಇದು ಯಾಕೆ ಹೀಗೆ ಅಂತ ತಿಳಿಯಲು ಟೆನ್ಸ್ ಏನು ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಮೊಣಕೈ ಎಲ್ಲಾದರೂ ತಾಗಿದರೆ ನಾವು ತಕ್ಷಣ ಆ ಜಾಗ ಉಜ್ಜಿಕೊಳ್ಳುತ್ತೇವೆ ಅಲ್ವಾ? ಉಜ್ಜಿದಾಗ ಸ್ಪರ್ಶದ ಸುದ್ದಿ ಒಯ್ಯುವ ದಪ್ಪ ನರತಂತುಗಳು ಎಚ್ಚರಗೊಳ್ಳುತ್ತವೆ. ನೋವಿನ ಸುದ್ದಿ ಒಯ್ಯುವುದು ಸಣ್ಣ ತಂತುಗಳು. ಎರಡೂ ಬೆನ್ನುಹುರಿಯಲ್ಲಿ ಒಂದೇ ಬಾಗಿಲಿಗೆ ಬರುತ್ತವೆ. ಸ್ಪರ್ಶದ ಗದ್ದಲ ಜಾಸ್ತಿಯಾದರೆ ನೋವಿಗೆ ಬಾಗಿಲು ಕಿರಿದಾಗುತ್ತದೆ. 1965ರಲ್ಲಿ ವಿಜ್ಞಾನಿಗಳಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮುಂದಿಟ್ಟ ವಿಚಾರ ಇದೇ. ಒಳವಿವರಗಳು ಆಮೇಲೆ ಎಷ್ಟೋ ಬದಲಾಗಿವೆ, ಆದರೆ ಬಾಗಿಲಿನ ಹೋಲಿಕೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಎರಡು ವರ್ಷದ ನಂತರ ವಾಲ್ ಮತ್ತು ವಿಲಿಯಂ ಸ್ವೀಟ್ ಸೇರಿ ವಿದ್ಯುತ್ತಿನಿಂದ ನರಗಳನ್ನು ಕೆರಳಿಸಿ ನೋವು ಸ್ವಲ್ಪ ಹೊತ್ತು ಅಡಗುವುದನ್ನು ತೋರಿಸಿದರು. ಈಗ ನಾವು ಜೇಬಿನಲ್ಲಿಟ್ಟುಕೊಂಡು ಓಡಾಡುವ ಯಂತ್ರದ ಹಿಂದೆ ಇರುವುದು ಆ ಕೆಲಸ. ಮೂಲ ಇನ್ನೂ ಹಳೆಯದು ಬೇಕಾದರೆ ಮೊದಲ ಶತಮಾನದ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಇದ್ದಾನೆ. ತಲೆನೋವಿಗೆ ಜೀವಂತ ವಿದ್ಯುತ್ ಮೀನನ್ನು ನೋಯುವ ಜಾಗದ ಮೇಲೆ ಇಡಿ ಅಂದವನು. ಪ್ಯಾಡಿನ ಜೆಲ್ ತಣ್ಣಗಿದೆ ಅಂತ ಗೊಣಗುವವರಿಗೆ ನಾನು ಈ ಮೀನಿನ ಕಥೆ ಹೇಳುತ್ತೇನೆ.

ಬಾಗಿಲಿನ ವಿಷಯ ಹೀಗಿದ್ದರೆ, ಯಂತ್ರ ನಿಂತ ಮೇಲೆ ಬಾಗಿಲು ಮತ್ತೆ ತೆರೆದುಕೊಳ್ಳುತ್ತದೆ. ಟೆನ್ಸ್‌ನ ಫಲ ಹೆಚ್ಚಾಗಿ ಅದು ನಡೆಯುತ್ತಿರುವಷ್ಟು ಹೊತ್ತು, ಮತ್ತೆ ಅದರ ಹಿಂದೆ ಸ್ವಲ್ಪ ಹೊತ್ತು. ಆ ಹೊತ್ತನ್ನು ನಾನು ನಿದ್ದೆಗೆ ಕೊಟ್ಟುಬಿಟ್ಟಿದ್ದೆ.

ಕೈಯ ಕಥೆ ಬೇರೆ. ಅದನ್ನು ಹೇಳುವ ಮುಂಚೆ, ಮುಟ್ಟುವುದಕ್ಕೂ ಮೊದಲಿನ ಹದಿನೈದು ನಿಮಿಷದ ಬಗ್ಗೆ ಹೇಳಬೇಕು. ಈಗ ನಾನು ಅತಿ ಹೆಚ್ಚು ಗಮನ ಕೊಡುವುದು ಅಲ್ಲಿಗೇ.

ಒಮ್ಮೆ ಐವತ್ತು ದಾಟಿದ ಒಬ್ಬರು ಬಂದರು. ಕುತ್ತಿಗೆ ನೋವು ಅಂಥಾ ಜೋರಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ, "ಈಚೆಗೆ ಅಂಗಿಯ ಗುಂಡಿ ಹಾಕೋಕೆ ಕಷ್ಟ ಆಗ್ತಿದೆ, ವಯಸ್ಸಾಯ್ತು ನೋಡಿ" ಅಂತ ನಕ್ಕರು. ನಡೆಸಿ ನೋಡಿದೆ. ಕಾಲು ಸ್ವಲ್ಪ ಅಗಲಿಸಿ, ನೆಲ ನೋಡಿಕೊಂಡು ನಡೆಯುತ್ತಿದ್ದರು. ಬೆರಳ ತುದಿ ಚಿಮ್ಮಿಸುವ ಹಾಫ್‌ಮನ್ ಪರೀಕ್ಷೆ ಮಾಡಿದಾಗ ಹೆಬ್ಬೆರಳು ತಾನಾಗಿಯೇ ಮಡಚಿತು. ಬೆನ್ನುಹುರಿಯೇ ಒತ್ತಿಕೊಂಡಿರಬಹುದು ಅನ್ನುವುದಕ್ಕೆ ಇವೆಲ್ಲ ಸೂಚನೆ. ಅವತ್ತು ನಾನು ಪ್ಯಾಡ್ ಅಂಟಿಸಲಿಲ್ಲ, ಕುತ್ತಿಗೆ ಮುಟ್ಟಲೂ ಇಲ್ಲ. ಪತ್ರ ಬರೆದು ನರಶಸ್ತ್ರಚಿಕಿತ್ಸಕರ ಹತ್ತಿರ ಕಳಿಸಿದೆ. "ಕರೆಂಟ್ ಕೊಡದೇ ಕಳಿಸ್ತೀರಾ?" ಅಂತ ಬೇಜಾರು ಮಾಡಿಕೊಂಡೇ ಹೋದರು. ಹಳೆಯ ನಾನಾಗಿದ್ದರೆ ಬೋರಲು ಮಲಗಿಸಿ ಟೈಮರ್ ಇಡುತ್ತಿದ್ದೆ.

ಹಾಗಾಗಿ ಈಗ ಕೇಳುವ ಪ್ರಶ್ನೆಗಳು ಜಾಸ್ತಿ. ಬಿದ್ದಿದ್ದೀರಾ, ಗಾಡಿಗೆ ಪೆಟ್ಟಾಗಿತ್ತಾ? ರಾತ್ರಿ ಯಾವ ಮಗ್ಗುಲಲ್ಲಿ ಮಲಗಿದರೂ ಬಿಡದ ನೋವಾ? ಸುಮ್ಮಸುಮ್ಮನೆ ತೂಕ ಇಳಿದಿದೆಯಾ, ಜ್ವರ ಇದೆಯಾ? ಹಿಂದೆ ಕ್ಯಾನ್ಸರ್ ಆಗಿತ್ತಾ? ಮೂತ್ರದ ಹಿಡಿತ ಸರಿಯಿದೆಯಾ? ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಇದ್ದಕ್ಕಿದ್ದಂತೆ ಕುಸಿದು ಬೀಳುವುದು, ಇವುಗಳಲ್ಲಿ ಏನಾದರೂ ಇದೆಯಾ? ಈ ಕೊನೆಯ ಗುಂಪು ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ರಕ್ತನಾಳಗಳಿಗೆ ಸಂಬಂಧಿಸಿದ್ದು. ಇವು ಇದ್ದರೆ ಕುತ್ತಿಗೆಗೆ ಕೈ ಹಾಕುವ ಮಾತೇ ಇಲ್ಲ. ಎಂದೂ ಇಲ್ಲದಂಥ ಹೊಸ ತಲೆನೋವು ಕುತ್ತಿಗೆ ನೋವಿನ ಜೊತೆ ದಿಢೀರನೆ ಬಂದಿದ್ದರೂ ಅಷ್ಟೆ.

ಇಲ್ಲೇ ಎಂಆರ್‌ಐ ವಿಷಯವೂ ಬರುತ್ತದೆ. ಬಹಳ ಜನ ಫಿಲಂ ಹಿಡಿದು ಬರುತ್ತಾರೆ. "ಡಿಸ್ಕ್ ಉಬ್ಬಿದೆಯಂತೆ, ಮೂಳೆ ಸವೆದಿದೆಯಂತೆ, ಕತ್ತು ಆಡಿಸಬಹುದಾ?" ಅಂತ ಪಿಸುಗುಟ್ಟುತ್ತಾರೆ, ಜೋರಾಗಿ ಹೇಳಿದರೆ ಇನ್ನೂ ಸವೆಯುತ್ತದೆ ಅನ್ನುವ ಹಾಗೆ. 2015ರಲ್ಲಿ ಜಪಾನಿನಿಂದ ಬಂದ ಒಂದು ಅಧ್ಯಯನದ ಬಗ್ಗೆ ಅವರಿಗೆ ಹೇಳುತ್ತೇನೆ. ಕುತ್ತಿಗೆಯ ತೊಂದರೆಯೇ ಇಲ್ಲದ 1211 ಜನರ ಕುತ್ತಿಗೆಯ ಎಂಆರ್‌ಐ ತೆಗೆದರು. ಶೇ 87ಕ್ಕೂ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹೆಚ್ಚಿನವರಿಗೆ ಇತ್ತು. ಕೈಯಲ್ಲಿ ಶಕ್ತಿ ಕಡಿಮೆಯಾಗಿದ್ದರೆ, ಜೋಮು ನಿರ್ದಿಷ್ಟ ಬೆರಳುಗಳಿಗೆ ಇಳಿಯುತ್ತಿದ್ದರೆ ಆ ಫಿಲಂಗೆ ಬೆಲೆ ಇದೆ. ಬರೀ ನೋವಿಗೆ ಅದನ್ನೇ ಹೊಣೆ ಮಾಡಿದರೆ ಜನ ಕತ್ತು ಆಡಿಸುವುದನ್ನೇ ಬಿಡುತ್ತಾರೆ. ಆಮೇಲೆ ನಿಜವಾಗಿಯೂ ಬಿಗಿಯಾಗುತ್ತದೆ.

ಈಗ ಕೈಗೆ ಬರುತ್ತೇನೆ. ಒಬ್ಬ ಟೀಚರ್ ಅವರನ್ನು ಉದಾಹರಣೆಗೆ ಇಟ್ಟುಕೊಂಡರೆ ಹೇಳುವುದು ಸುಲಭ. ಮೂರು ವರ್ಷದ ನೋವು. ಬೋರ್ಡಿನ ಮೇಲೆ ಬರೆಯುವಾಗ ಕತ್ತು ಮೇಲೆ, ಪೇಪರ್ ತಿದ್ದುವಾಗ ಕತ್ತು ಕೆಳಗೆ. ಹತ್ತಕ್ಕೆ ಎಷ್ಟು ನೋವು ಅಂತ ಕೇಳಿದೆ. "ಆರು" ಅಂದರು. ಸುಮ್ನೆ ಕೂತಾಗ ಎಷ್ಟು, ಎಡಕ್ಕೆ ತಿರುಗಿದಾಗ ಎಷ್ಟು ಅಂತ ಬೇರೆಬೇರೆ ಕೇಳಿದೆ. ಕೂತಾಗ ಮೂರು, ತಿರುಗಿದಾಗ ಏಳು. ಈ ಎರಡು ಅಂಕಿಗಳನ್ನು ಬೇರೆಯಾಗಿ ಬರೆದಿಡಲು ಶುರು ಮಾಡಿದ್ದು ನನ್ನ ಕನ್ನಡಿ ಮುಂದಿನ ಸಂಜೆಯ ನಂತರವೇ. ಎಡಕ್ಕೆ 50 ಡಿಗ್ರಿ ತಿರುಗುತ್ತಿದ್ದರು. ಸರಿಯಾಗಿದ್ದರೆ ಸುಮಾರು 80 ಇರಬೇಕು. ಕುತ್ತಿಗೆ ನೋವಿನಿಂದ ದಿನದ ಕೆಲಸಗಳಿಗೆ ಎಷ್ಟು ಅಡ್ಡಿ ಅಂತ ಅಳೆಯಲು ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ನೆಕ್ ಡಿಸೆಬಿಲಿಟಿ ಇಂಡೆಕ್ಸ್ ಅಂತ, 1991ರಿಂದ ಬಳಕೆಯಲ್ಲಿದೆ. ಒಟ್ಟು 50 ಅಂಕ. ಅವರದು 21 ಬಂತು. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಟೀಚರ್‌ಗೆ ಇದು ತಮಾಷೆಯಾಗಿ ಕಂಡಿತು. "ಇದರಲ್ಲಿ ಫೇಲ್ ಆದ್ರೇನೇ ಒಳ್ಳೇದು ಅನ್ನಿ" ಅಂದರು.

ಬೆರಳಲ್ಲಿ ಒಂದೊಂದೇ ಮಣಿಯನ್ನು ಹಿಂದಿನಿಂದ ಮೆತ್ತಗೆ ಒತ್ತಿ ನೋಡುತ್ತಾ ಹೋದರೆ ಎಲ್ಲಿ ಬಿಗಿಯಿದೆ ಅಂತ ತಿಳಿಯುತ್ತದೆ. ಮೆತ್ತನೆಯ ದಿಂಬು ಒತ್ತಿದ ಹಾಗೆ ಇರಬೇಕಾದದ್ದು ಕೆಲವು ಕಡೆ ಹಲಗೆ ಒತ್ತಿದ ಹಾಗಿರುತ್ತದೆ. ಅವರಿಗೆ ಕುತ್ತಿಗೆಯ ಕೆಳಭಾಗ, ಐದನೇ ಮತ್ತು ಆರನೇ ಮಣಿಯ ನಡುವೆ ಎಡಗಡೆ ಹಾಗಿತ್ತು. ಬೆನ್ನಿನ ಮೇಲ್ಭಾಗ ಪೂರಾ ಹಲಗೆ. ಇದನ್ನು ನಾನು ಎಷ್ಟೋ ವರ್ಷ ನೋಡಿಯೇ ಇರಲಿಲ್ಲ. ನೋವು ಕುತ್ತಿಗೆಯಲ್ಲಿ ಅಂದರೆ ಕುತ್ತಿಗೆಗೇ ಅಂಟಿಕೊಳ್ಳುತ್ತಿದ್ದೆ. ಬೆನ್ನಿನ ಮೇಲ್ಭಾಗ ಆಡದಿದ್ದರೆ ಆ ಆಟವನ್ನೂ ಕುತ್ತಿಗೆಯೇ ಆಡಬೇಕಾಗುತ್ತದೆ. ಹಾಗಾಗಿ ಈಗ ಮೊದಲ ದಿನ ಕೈ ಹೋಗುವುದು ಬೆನ್ನಿಗೆ. ನೋಯುವ ಜಾಗವನ್ನು ಮುಟ್ಟದೆ ಶುರು ಮಾಡಿದರೆ ಇನ್ನೊಂದು ಲಾಭ: ಅವರು ಮೈ ಬಿಗಿ ಹಿಡಿಯುವುದಿಲ್ಲ.

ಕೀಲನ್ನು ಆಡಿಸುವುದಕ್ಕೆ ಆಸ್ಟ್ರೇಲಿಯಾದ ಜೆಫ್ರಿ ಮೈಟ್‌ಲ್ಯಾಂಡ್ ಮಾಡಿಕೊಟ್ಟ ಶ್ರೇಣಿಗಳನ್ನೇ ನಾವು ಬಹಳ ಜನ ಪಾಲಿಸುತ್ತೇವೆ. ಒಂದನೆಯದು ಚಲನೆಯ ಶುರುವಿನಲ್ಲೇ ಸಣ್ಣ ಅಲುಗಾಟ. ಎರಡನೆಯದು ಬಿಗಿ ಸಿಗುವ ಮುಂಚೆಯೇ ವಾಪಸು ಬರುವ ದೊಡ್ಡ ಅಲುಗಾಟ. ಮೂರನೆಯದು ಬಿಗಿಯ ಒಳಕ್ಕೆ ಹೋಗುತ್ತದೆ. ನಾಲ್ಕನೆಯದು ಕೊನೆಯಲ್ಲಿ ನಿಂತು ಸಣ್ಣದಾಗಿ ಆಡಿಸುವುದು. ನೋವು ಮುಂದಿದ್ದರೆ ಮೊದಲ ಎರಡು, ಬಿಗಿ ಮುಂದಿದ್ದರೆ ನಂತರದ ಎರಡು. ಇದಿಷ್ಟು ಹೇಳಲು ಸುಲಭ. ಹೆಬ್ಬೆರಳಿಗೆ ಗೊತ್ತಾಗಲು ನನಗೆ ನಾಲ್ಕೈದು ವರ್ಷ ಹಿಡಿಯಿತು.

ಶುರುವಿನ ದಿನಗಳಲ್ಲಿ ನಾನು ಒತ್ತುತ್ತಿದ್ದದ್ದು ವಿಪರೀತ. ಜೋರಾಗಿ ಒತ್ತಿದರೆ ಜೋರಾಗಿ ಗುಣವಾಗುತ್ತದೆ ಅನ್ನುವ ಲೆಕ್ಕ. ರೋಗಿಗಳೂ ಅದನ್ನೇ ಕೇಳುತ್ತಾರೆ, "ಇನ್ನೂ ಜೋರಾಗಿ ಮೇಡಂ, ಅಲ್ಲೇ, ಅಲ್ಲೇ." ಒಬ್ಬರ ಹೆಗಲ ಗಂಟುಗಳನ್ನು ಮೊಣಕೈಯಿಂದ ಅರೆದಿದ್ದೆ. ಮೂರು ದಿನ ಅವರಿಗೆ ಕತ್ತು ಎತ್ತಲಾಗಲಿಲ್ಲ. ಅವರು ಸಿಟ್ಟಾಗಲಿಲ್ಲ. "ಒಳಗಿನ ನೋವೆಲ್ಲ ಹೊರಗೆ ಬಂತು ಅಲ್ವಾ?" ಅಂತ ನನ್ನನ್ನೇ ಸಮಾಧಾನ ಮಾಡಿದರು. ಅದು ಸುಳ್ಳು. ನೋವು ಹೊರಗೆ ಬಂದಿರಲಿಲ್ಲ, ನಾನು ಹೊಸದಾಗಿ ಕೊಟ್ಟಿದ್ದೆ. ವರ್ಷಗಟ್ಟಲೆ ನೋವಿರುವವರ ನರವ್ಯೂಹ ಮೊದಲೇ ಎಚ್ಚರವಾಗಿ ಕೂತಿರುತ್ತದೆ. ಅದನ್ನು ಇನ್ನಷ್ಟು ಹೆದರಿಸಬಾರದು. ಈಗ ನನ್ನ ನಿಯಮ: ಮರುದಿನ ಬೆಳಗ್ಗೆಗೆ ಇಳಿಯದ ನೋವನ್ನು ನಾನು ಕೊಟ್ಟಿದ್ದರೆ ಅದು ನನ್ನ ತಪ್ಪು.

ಲಟಕ್ ಅನ್ನಿಸುವುದನ್ನು ನಾನು ಕುತ್ತಿಗೆಗೆ ಮಾಡುವುದಿಲ್ಲ. ಬೆನ್ನಿನ ಮೇಲ್ಭಾಗಕ್ಕೆ ಕೆಲವೊಮ್ಮೆ ಮಾಡುತ್ತೇನೆ. ಆ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ, ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆಗೆ ಸಂಬಂಧಿಸಿದ್ದು, ಬೆರಳ ನೆಟಿಗೆ ಮುರಿದಾಗ ಬರುವಂಥದ್ದೇ. ಕುತ್ತಿಗೆಯನ್ನು ರಭಸವಾಗಿ ತಿರುಗಿಸಿದಾಗ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ಅಪರೂಪಕ್ಕಾದರೂ ದಾಖಲಾಗಿವೆ. ಮೆತ್ತಗೆ ಆಡಿಸಿದರೆ ಸಿಗುವ ಫಲ ಹೆಚ್ಚುಕಡಿಮೆ ಅಷ್ಟೇ ಇರುವಾಗ ನಾನು ಯಾಕೆ ಆ ಗಂಡಾಂತರ ತೆಗೆದುಕೊಳ್ಳಲಿ? ಚೆನ್ನಾಗಿ ಕಲಿತು ಮಾಡುವ ಗೆಳೆಯರು ಇದ್ದಾರೆ, ಅವರ ಜೊತೆ ಈ ವಿಷಯಕ್ಕೆ ಜಗಳವೂ ಆಗುತ್ತದೆ.

ನನಗೆ ಅಚ್ಚುಮೆಚ್ಚಿನದು ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್ ಅವರ ವಿಧಾನ. ಅದರಲ್ಲಿ ನಾನು ಮಣಿಯನ್ನು ಮೇಲ್ಮುಖವಾಗಿ ಜಾರಿಸಿ ಹಿಡಿದಿರುತ್ತೇನೆ, ರೋಗಿ ತಾನೇ ಕತ್ತು ತಿರುಗಿಸಬೇಕು. ನೋವಿಲ್ಲದೆ ತಿರುಗಿದರೆ ಮಾತ್ರ ಅದು ಸರಿಯಾದ ಜಾಗ, ಇಲ್ಲದಿದ್ದರೆ ಬೆರಳು ಸ್ವಲ್ಪ ಸರಿಸಿ ಮತ್ತೆ ನೋಡಬೇಕು. ಟೀಚರ್ ಕೂತರು. ಬಿಗಿಯಿದ್ದ ಕಡೆ ಹೆಬ್ಬೆರಳಿಟ್ಟು ಜಾರಿಸಿದೆ. "ತಿರುಗಿ" ಅಂದೆ. ತಿರುಗಿದರು. "ಅಯ್ಯೋ" ಅಂದರು. ಗಾಬರಿಯಾಗಿ ಕೈ ತೆಗೆದೆ. "ಇಲ್ಲ ಇಲ್ಲ, ನೋವಿಲ್ಲ, ಅದಕ್ಕೇ ಅಯ್ಯೋ ಅಂದೆ." ಇದನ್ನೇ ಮನೆಯಲ್ಲಿ ಟವೆಲ್ಲಿನ ಅಂಚನ್ನು ಕತ್ತಿನ ಹಿಂದೆ ಹಾಕಿ ಎಳೆದುಕೊಂಡು ಮಾಡಬಹುದು. ದಿನಕ್ಕೆ ಎರಡು ಸಲ, ಹತ್ತತ್ತು ಬಾರಿ ಅಂತ ಕಲಿಸಿದೆ.

ಇದರ ಜೊತೆ ಟೆನ್ಸ್. ಈಗ ನಾನು ಹಾಕುವ ರೀತಿ ಹೇಳುತ್ತೇನೆ. ಕೂರಿಸಿಯೇ ಹಾಕುತ್ತೇನೆ. ಚರ್ಮ ಒರೆಸಿ, ಎಣ್ಣೆ ಬೆವರು ಇಲ್ಲದ ಹಾಗೆ ನೋಡಿಕೊಂಡು, ಎರಡು ಪ್ಯಾಡ್ ಕುತ್ತಿಗೆಯ ಹಿಂಭಾಗದಲ್ಲಿ ಮೂಳೆಯ ಎಡಬಲಕ್ಕೆ, ಎರಡು ಹೆಗಲ ಸ್ನಾಯುವಿನ ಮೇಲೆ. ಕುತ್ತಿಗೆಯ ಮುಂಭಾಗಕ್ಕೆ ಮತ್ತು ಪಕ್ಕದಲ್ಲಿ ನಾಡಿ ಬಡಿಯುವ ಕಡೆಗೆ ಪ್ಯಾಡ್ ಯಾವತ್ತೂ ಹೋಗಬಾರದು. ಅಲ್ಲಿ ಕೆರಳಿಸಿದರೆ ರಕ್ತದೊತ್ತಡ ಇಳಿಯಬಹುದು, ಗಂಟಲ ಸ್ನಾಯು ಬಿಗಿಯಬಹುದು. ಪೇಸ್‌ಮೇಕರ್ ಇದ್ದವರಿಗೆ ಇಲ್ಲ. ಮೂರ್ಛೆರೋಗ ಇದ್ದವರಿಗೆ ಕುತ್ತಿಗೆಯ ಮೇಲೆ ನಾನು ಹಾಕುವುದಿಲ್ಲ. ಗಾಯದ ಮೇಲೆ, ಸ್ಪರ್ಶ ತಿಳಿಯದ ಚರ್ಮದ ಮೇಲೆ, ಕ್ಯಾನ್ಸರ್ ಗಡ್ಡೆಯ ಮೇಲೆ ಇಲ್ಲ. ಗರ್ಭಿಣಿಯರಿಗೆ ಅವರ ಡಾಕ್ಟರನ್ನು ಕೇಳದೆ ಇಲ್ಲ. ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ.

ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಮಿಡಿತ ಅನ್ನುವುದು, 80ರಿಂದ 100 ಹರ್ಟ್ಸ್, ಪ್ರತಿ ಮಿಡಿತದ ಅಗಲ 100ರಿಂದ 200 ಮೈಕ್ರೋಸೆಕೆಂಡ್. ಸಂಖ್ಯೆಗಳಿಗಿಂತ ಮುಖ್ಯವಾದದ್ದು ಜೋರು. ಗುಂಡಿಯನ್ನು ಅವರ ಕೈಗೇ ಕೊಡುತ್ತೇನೆ. ಗಟ್ಟಿಯಾಗಿ ಇರಬೇಕು, ನೋಯಬಾರದು. ಐದು ನಿಮಿಷಕ್ಕೆ ದೇಹಕ್ಕೆ ಅಭ್ಯಾಸವಾಗಿ ಮಂಕಾಗುತ್ತದೆ, ಆಗ ಇನ್ನೊಂಚೂರು ಏರಿಸಿ ಅನ್ನುತ್ತೇನೆ. ಇನ್ನೊಂದು ಬಗೆ ಇದೆ, 2ರಿಂದ 4 ಹರ್ಟ್ಸ್, ಸ್ನಾಯು ಟಕ್ ಟಕ್ ಅಂತ ಕುಣಿಯುವಷ್ಟು ಜೋರು. ಅದು ದೇಹದ್ದೇ ಅಫೀಮಿನಂಥ ರಾಸಾಯನಿಕಗಳನ್ನು ಹೊರಡಿಸಿ ಕೆಲಸ ಮಾಡುತ್ತದೆ. ಕೆಲವರಿಗೆ ಅದೇ ಹಿಡಿಸುತ್ತದೆ. ಒಂದೇ ಸೆಟ್ಟಿಂಗ್‌ನಲ್ಲಿ ದಿನಾ ಹಾಕುತ್ತಾ ಹೋದರೆ ಫಲ ಇಳಿಯುತ್ತದೆ, ಹಾಗಾಗಿ ಎರಡನ್ನೂ ಬದಲಾಯಿಸುತ್ತಾ ಹೋಗುತ್ತೇನೆ. ಮೊದಲು ಇದು ಗೊತ್ತಿಲ್ಲದೆ ಹದಿನೈದು ದಿನ ಒಂದೇ ಮಟ್ಟ ಇಟ್ಟು, "ನಿಮಗೆ ಕರೆಂಟ್ ಹಿಡಿಸ್ತಿಲ್ಲ" ಅಂತ ರೋಗಿಯ ಮೇಲೇ ಹಾಕಿದ್ದೆ.

ಪ್ಯಾಡ್ ವಿಷಯದಲ್ಲಿ ಜಿಪುಣತನ ಬೇಡ. ಒಣಗಿದ ಪ್ಯಾಡ್‌ನ ಒಂದು ಮೂಲೆ ಎದ್ದರೆ ಕರೆಂಟು ಉಳಿದ ಸಣ್ಣ ಜಾಗದಲ್ಲೇ ನುಗ್ಗುತ್ತದೆ. ಒಬ್ಬರ ಹೆಗಲ ಮೇಲೆ ಹಾಗೆ ಕೆಂಪು ಗುರುತು ಬಿದ್ದಿತ್ತು. ತಪ್ಪು ನನ್ನದೇ.

ಪ್ಯಾಡ್ ಹಾಕಿ, ಜೋರು ಸರಿಮಾಡಿಕೊಂಡ ಮೇಲೆ ನಿದ್ದೆಯಿಲ್ಲ. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಟೀಚರ್ ಎಡಕ್ಕೆ ಬಲಕ್ಕೆ ತಿರುಗಬೇಕು. ಗೋಡೆಯ ಮೇಲೆ ಚೀಟಿ ಅಂಟಿಸಿದ್ದೆ, ದಿನಕ್ಕೆ ಎರಡು ಬೆರಳಷ್ಟು ದೂರಕ್ಕೆ ಸರಿಸುತ್ತಿದ್ದೆ. ಆಮೇಲೆ ಮಲಗಿ ಕತ್ತಿನ ಮುಂಭಾಗದ ಒಳಸ್ನಾಯುಗಳ ವ್ಯಾಯಾಮ. ದೀರ್ಘಕಾಲದ ನೋವಿನಲ್ಲಿ ಈ ಸ್ನಾಯುಗಳು ಸೋಮಾರಿಯಾಗುತ್ತವೆ, ಹೊರಗಿನವು ಅವುಗಳ ಕೆಲಸ ಎಳೆದುಕೊಂಡು ಸುಸ್ತಾಗುತ್ತವೆ. ಆಸ್ಟ್ರೇಲಿಯಾದ ಗ್ವೆಂಡೊಲೆನ್ ಜುಲ್ ಮತ್ತು ಅವರ ಜೊತೆಯವರು ಇದನ್ನು ಅಳೆಯುವ ಉಪಾಯ ಮಾಡಿದರು. ಕತ್ತಿನ ಕೆಳಗೆ ಗಾಳಿ ತುಂಬಿದ ಸಣ್ಣ ಚೀಲ ಇಟ್ಟು ಅದರ ಒತ್ತಡ ತೋರಿಸುವ ಮುಳ್ಳನ್ನು 20ಕ್ಕೆ ನಿಲ್ಲಿಸುವುದು, ಗದ್ದವನ್ನು ಸ್ವಲ್ಪವೇ ಒಳಗೆ ತಂದು 22, 24 ಹೀಗೆ 30ರವರೆಗೆ ಎರಡೆರಡಾಗಿ ಏರಿಸಿ ಪ್ರತಿ ಸಲ ಹತ್ತು ಸೆಕೆಂಡ್ ಹಿಡಿಯುವುದು. ಟೀಚರ್ ಮೊದಲ ದಿನ 24ಕ್ಕೇ ನಡುಗಿದರು. ಇದನ್ನು ವಿವರಿಸುವಾಗ ಎಲ್ಲರೂ ತಲೆ ಎತ್ತಿಬಿಡುತ್ತಾರೆ. ನನಗೆ ಸಿಕ್ಕ ಸುಲಭದ ಮಾತು: "ಬಾಯಿ ಬಿಡದೆ ಹೂಂ ಅನ್ನುವಾಗ ತಲೆ ಎಷ್ಟು ಆಡುತ್ತೋ ಅಷ್ಟೇ." ತಕ್ಷಣ ಸರಿಯಾಗಿ ಮಾಡುತ್ತಾರೆ.

ಒಂದು ತಮಾಷೆ ಹೇಳಲೇಬೇಕು. ಒಂದು ದಿನ ಟೆನ್ಸ್‌ನ ಒಂದು ವೈರ್ ಸಡಿಲವಾಗಿತ್ತು. ದೀಪ ಉರಿಯುತ್ತಿತ್ತು, ಕರೆಂಟು ಹೋಗುತ್ತಿರಲಿಲ್ಲ. ಅವತ್ತು ಬಂದವರು ಹೊಸಬರು, ಏನಾಗಬೇಕು ಅಂತ ಗೊತ್ತಿಲ್ಲ. ನಾನು ಫೋನಿನಲ್ಲಿದ್ದೆ. ಅರ್ಧ ಗಂಟೆ ಆದಮೇಲೆ, "ಇದು ತುಂಬಾ ಒಳ್ಳೆ ಮಿಷನ್ ಮೇಡಂ, ಏನೂ ಗೊತ್ತೇ ಆಗಲಿಲ್ಲ, ನೋವು ಅರ್ಧ ಹೋಯ್ತು" ಅಂದರು.

ಈ ಘಟನೆ ನನ್ನನ್ನು ಅಧ್ಯಯನಗಳ ಕಡೆ ಕಳಿಸಿತು. 2019ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ದೀರ್ಘಕಾಲದ ಕುತ್ತಿಗೆ ನೋವಿಗೆ ಟೆನ್ಸ್ ಬಗ್ಗೆ ನಡೆದ ಏಳು ಪ್ರಯೋಗಗಳನ್ನು, ಒಟ್ಟು 651 ಜನರನ್ನು, ನೋಡಿತು. ಕರೆಂಟು ಹರಿಯದ ಸುಳ್ಳು ಯಂತ್ರಕ್ಕಿಂತ ಇದು ಮೇಲು ಅಂತ ಹೇಳುವಷ್ಟು ಗಟ್ಟಿ ಸಾಕ್ಷ್ಯ ಅದಕ್ಕೆ ಸಿಗಲಿಲ್ಲ. ಇನ್ನೊಂದು, ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಡೆದದ್ದು, 2011ರಲ್ಲಿ ಅಚ್ಚಾಯಿತು. ಕುತ್ತಿಗೆ ನೋವಿನ 90 ಜನರಲ್ಲಿ ಕೆಲವರಿಗೆ ಕೈ ಚಿಕಿತ್ಸೆ, ಉಳಿದವರಿಗೆ ಟೆನ್ಸ್. ಚಿಕಿತ್ಸೆ ಮುಗಿದಾಗ ಎರಡೂ ಗುಂಪಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಒಳ್ಳೆಯ ಗುಣ. ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ. ಆರು ತಿಂಗಳ ನಂತರ ನೋಡಿದರೆ ಗುಣ ಉಳಿದದ್ದು ಮೂರರಲ್ಲಿ ಒಂದು ಪಾಲು ಜನರಲ್ಲಿ.

ಮೊದಲು ಓದಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ನನ್ನ ಹೊಟ್ಟೆಪಾಡೇ ಈ ಎರಡು ತಾನೆ? ಎರಡನೇ ಸಲ ಓದಿದಾಗ ನನ್ನದೇ ಮಂಚಗಳ ಮೇಲಿನ ಹಳೆಯ ಮುಖಗಳು ನೆನಪಾದವು. ಮೂರರಲ್ಲಿ ಎರಡು ಪಾಲು ಜನ ವಾಪಸು ಬರುತ್ತಿದ್ದದ್ದು ನನಗೆ ಲೆಕ್ಕವಿಲ್ಲದೆಯೇ ಗೊತ್ತಿತ್ತು. ಆ ಮೇಲೆ ನಾನು ಕರೆಂಟು ಬಿಡಲಿಲ್ಲ, ಕೈಯನ್ನೂ ಬಿಡಲಿಲ್ಲ. ಆದರೆ ಅವನ್ನು ಗುಣ ಮಾಡುವ ಚಿಕಿತ್ಸೆ ಅಂತ ಹೇಳುವುದು ಬಿಟ್ಟೆ. "ಇದು ನಿಮಗೆ ಅರ್ಧ ಗಂಟೆ ಕೊಡುತ್ತೆ. ಆ ಅರ್ಧ ಗಂಟೆ ಕತ್ತು ಆಡಿಸಬೇಕು" ಅಂತ ಮೊದಲ ದಿನವೇ ಹೇಳುತ್ತೇನೆ. ಕೆಲವರು ಎರಡನೇ ದಿನ ಬರುವುದೇ ಇಲ್ಲ. ಮಲಗಿಸಿ ಕರೆಂಟ್ ಕೊಡುವ ಕಡೆಗೆ ಹೋಗುತ್ತಾರೆ. ಬೇಜಾರಾಗುತ್ತದೆ, ಸುಳ್ಳು ಹೇಳಲಾರೆ.

ಟೀಚರ್ ವಾರಕ್ಕೆ ಎರಡು ಸಲದ ಹಾಗೆ ಐದು ವಾರ ಬಂದರು. ಮೂರನೇ ವಾರ ಒಮ್ಮೆ ನೋವು ಕೆರಳಿತು, ಕಾರಣ ಗೊತ್ತಾಗಲಿಲ್ಲ, ನಾಲ್ಕು ದಿನದಲ್ಲಿ ಇಳಿಯಿತು. ಮುಗಿಯುವ ಹೊತ್ತಿಗೆ ಎಡಕ್ಕೆ 72 ಡಿಗ್ರಿ. ತಿರುಗಿದಾಗಿನ ನೋವು ಏಳರಿಂದ ಮೂರಕ್ಕೆ ಬಂದಿತ್ತು, ಕೂತಾಗಿನದು ಎರಡು. ಪ್ರಶ್ನೆಪಟ್ಟಿಯಲ್ಲಿ 21 ಇದ್ದದ್ದು 9. ಸೊನ್ನೆ ಆಗಲಿಲ್ಲ. ಮನೆಯಲ್ಲಿಟ್ಟುಕೊಳ್ಳಲು ಒಂದು ಸಣ್ಣ ಟೆನ್ಸ್ ಯಂತ್ರ ಕೊಂಡುಕೊಂಡರು.

ಏಳು ತಿಂಗಳಾದ ಮೇಲೆ, ಪರೀಕ್ಷೆ ಪೇಪರುಗಳ ಕಾಲದಲ್ಲಿ, ಆ ಯಂತ್ರ ಹಿಡಿದುಕೊಂಡು ಬಂದರು. "ಎರಡು ದಿನದಿಂದ ಮತ್ತೆ ಐದು ಇದೆ ಮೇಡಂ. ಯಂತ್ರ ನೋಡಿದ್ರೆ ಆನೇ ಆಗ್ತಿಲ್ಲ." ಹಿಂದಿನ ಮುಚ್ಚಳ ತೆಗೆದೆ. ಸೆಲ್ ಸೋರಿ ಬಿಳಿ ಪುಡಿ ಗಟ್ಟಿಯಾಗಿತ್ತು. ತಿಂಗಳುಗಟ್ಟಲೆ ಯಾರೂ ಮುಟ್ಟಿರಲಿಲ್ಲ. ಒಣ ಬ್ರಷ್‌ನಿಂದ ಪುಡಿ ಉಜ್ಜಿ ತೆಗೆದು ಹೊಸ ಸೆಲ್ ಹಾಕಿದೆ. ಹಸಿರು ದೀಪ ಬಂತು.

"ಇಲ್ಲೇ ಕೂರಲಾ ಸ್ವಲ್ಪ ಹೊತ್ತು?" ಅಂದರು. ಕೂತರು. ಕನ್ನಡಿ ನೋಡಿಕೊಂಡು ತಾವೇ ಪ್ಯಾಡ್ ಅಂಟಿಸಿಕೊಂಡರು, ಒಂದು ಮೂಲೆ ಎದ್ದದ್ದನ್ನು ಹೆಬ್ಬೆರಳಲ್ಲಿ ಒತ್ತಿದರು, ಗುಂಡಿ ತಿರುಗಿಸಿದರು, ಮುಖ ಸ್ವಲ್ಪ ಕಿವುಚಿದರು, ಒಂಚೂರು ಇಳಿಸಿದರು. ಆಮೇಲೆ ಎಡಕ್ಕೆ ತಿರುಗಲು ಶುರು ಮಾಡಿದರು. ನಾನು ಪಕ್ಕದ ಮಂಚಕ್ಕೆ ಹೋದೆ.